ಕಡತ ಹೊತ್ತವರು ಕಡತ ಓದಬೇಕು

ನಮ್ಮವರನ್ನು ತುಳಿದ ಆಯುಧಗಳ ಪಟ್ಟಿ ಮಾಡುವಾಗ ಎಲ್ಲರೂ ಕೊಡಲಿ ಅನ್ನುತ್ತಾರೆ, ಬೆಂಕಿ ಅನ್ನುತ್ತಾರೆ, ಶಾಸ್ತ್ರ ಅನ್ನುತ್ತಾರೆ. ಲೆಕ್ಕದ ಪುಸ್ತಕದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕೊಡಲಿ ಒಬ್ಬನನ್ನು ಕೆಡವಿತು. ಲೆಕ್ಕದ ಪುಸ್ತಕ ವಂಶವನ್ನೇ ಕೆಡವಿತು. ಅಜ್ಜ ತಂದ ಐವತ್ತು ರೂಪಾಯಿಗೆ ಮೊಮ್ಮಗ ಜೀತಕ್ಕೆ ನಿಂತದ್ದು ಯಾವ ಕತ್ತಿಯ ಭಯದಿಂದ? ಒಡೆಯನ ಮನೆಯ ಗೂಡಿನಲ್ಲಿದ್ದ ಪುಸ್ತಕದ ಒಂದು ಸಾಲಿನ ಭಯದಿಂದ. ಬರೆದವನು ಅವನು, ಬಡ್ಡಿ ಕಟ್ಟಿದವನು ಅವನು, ಕೂಡಿದವನು ಅವನು, ಓದಿ ಹೇಳಿದವನೂ ಅವನೇ. ಆ ಪುಸ್ತಕದಲ್ಲಿ ನಮ್ಮದು ಅಂತ ಇದ್ದದ್ದು ಹೆಬ್ಬೆಟ್ಟಿನ ಗುರುತು ಮಾತ್ರ. "ಎಷ್ಟು ತೀರ್ತು ಬುದ್ಧೀ?" ಅಂದರೆ "ಇನ್ನೂ ಐತೆ, ಗೇಯ್ಹೋಗ್ಲಾ" ಎಂಬುದೇ ಉತ್ತರ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆ ಆ ಸಾಲಗಳನ್ನೆಲ್ಲ ಅಳಿಸಿತು. ಸಾಲ ಅಳಿಯಿತು, ಪುಸ್ತಕ ಬರೆಯುವ ಕೈ ಬದಲಾಗಲಿಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಲೆಕ್ಕ ಎಂಬುದು ಹುಟ್ಟಿನಿಂದ ಬರುತ್ತಿದ್ದ ಆಸ್ತಿ. ಶ್ಯಾನುಭೋಗನ ಮಗ ಶ್ಯಾನುಭೋಗ, ತೋಟಿಯ ಮಗ ತೋಟಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಚಿದ ಕಪ್ಪು ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವವನು ಶ್ಯಾನುಭೋಗ. ಅದರ ಗಂಟನ್ನು ತಲೆಯ ಮೇಲಿಟ್ಟುಕೊಂಡು ತಾಲ್ಲೂಕು ಕಚೇರಿಗೆ ನಡೆಯುವವನು ತೋಟಿ. ಹೊರೆ ನಮ್ಮದು, ಒಳಗಿನ ಅಕ್ಷರ ಅವರದು. ಕಡತದ ಇನ್ನೊಂದು ಗುಣ ಮರೆಯಬೇಡಿ: ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸುವ ಅಧಿಕಾರ ಇರುವವನ ಲೆಕ್ಕ ಎಂದೂ ತಪ್ಪುವುದಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶ್ಯಾನುಭೋಗಿಕೆಯನ್ನೂ ತೋಟಿಕೆಯನ್ನೂ ಒಟ್ಟಿಗೇ ಕಿತ್ತುಹಾಕಿತು. ಶ್ಯಾನುಭೋಗರ ಮೊಮ್ಮಕ್ಕಳು ಬ್ಯಾಂಕಿಗೆ ಹೋದರು, ಆಡಿಟರ ಕಚೇರಿಗೆ ಹೋದರು. ತೋಟಿಯ ಮೊಮ್ಮಕ್ಕಳು ದೊಡ್ಡಬಳ್ಳಾಪುರದಿಂದ, ಗೌರಿಬಿದನೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ಯಲಹಂಕಕ್ಕೆ, ಯಶವಂತಪುರಕ್ಕೆ ಇಳಿದರು. ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊತ್ತರು, ಪೀಣ್ಯದಲ್ಲಿ ಲೇತಿನ ಮುಂದೆ ನಿಂತರು, ಹೆಬ್ಬಾಳದಾಚೆ ಗಾಜಿನ ಕಟ್ಟಡಗಳ ಕಕ್ಕಸು ತೊಳೆದರು.

ಅವರ ಮಕ್ಕಳು ನಾವು. ಮನೆಗೆ ಮೊದಲ ಡಿಗ್ರಿ ತಂದವರು. ನಮ್ಮಲ್ಲಿ ಬಹಳ ಮಂದಿ ಓದಿದ್ದು ಕನ್ನಡ, ಇತಿಹಾಸ, ಸಮಾಜಶಾಸ್ತ್ರ. ಪದ್ಯ ಬರೆಯುತ್ತೇವೆ, ಬೀದಿ ನಾಟಕ ಆಡುತ್ತೇವೆ, ತಮಟೆ ಬಾರಿಸುತ್ತೇವೆ. ಅದನ್ನು ಬಿಡುವ ಮಾತಿಲ್ಲ. ಆದರೆ ಇವತ್ತು ಈ ಪುಟಗಳಲ್ಲಿ ಒಂದು ಮಾತನ್ನು ಒರಟಾಗಿಯೇ ಹೇಳಬೇಕಾಗಿದೆ: ಕಂಪನಿಯ ಲೆಕ್ಕ ಓದಲು ಬಾರದ ಚಳವಳಿ ಕಂಪನಿಯ ಗೇಟಿನ ಹೊರಗೇ ನಿಂತಿರುತ್ತದೆ.

ಇದನ್ನು ಹೇಳಿದ ಕೂಡಲೆ ನಮ್ಮ ಕೆಲವು ಗೆಳೆಯರಿಗೆ ಸಿಟ್ಟು ಬರುತ್ತದೆ. "ಅದು ಸೇಟುಗಳ ವಿದ್ಯೆ ಕಣಯ್ಯ. ಜಮಾ ಖರ್ಚು ಬರೆಯೋಕೆ ಹೋದ ಕವಿ ಕವಿಯಾಗಿ ಉಳೀತಾನಾ?" ಅನ್ನುತ್ತಾರೆ. ಉಳಿಯುತ್ತಾನೆ. ಬಿಜ್ಜಳನ ಆಳ್ವಿಕೆಯಲ್ಲಿ ಕರಣಿಕನಾಗಿ ಸೇರಿ ಭಂಡಾರಿಯಾದವನು ಎಂದು ಪರಂಪರೆ ಹೇಳುವ ಬಸವಣ್ಣ ವಚನವನ್ನೂ ಬರೆದ, ಖಜಾನೆಯ ಲೆಕ್ಕವನ್ನೂ ನೋಡಿದ. ಭಂಡಾರದ ಹಣ ಜಂಗಮರಿಗೆ ಸುರಿದ ಎಂದು ದೂರು ಹೋದಾಗ ಅವನು ಲೆಕ್ಕ ಒಪ್ಪಿಸಿಯೇ ಗೆದ್ದ ಎಂದು ಕಥೆ ಇದೆ. ಇನ್ನು ಬಾಬಾಸಾಹೇಬರು. ಅವರ ಭಾವಚಿತ್ರದ ಕೈಯಲ್ಲಿ ಸಂವಿಧಾನವನ್ನು ಮಾತ್ರ ನೋಡಿ ಅಭ್ಯಾಸವಾದವರು ಇದನ್ನು ಕೇಳಬೇಕು. 1915ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ.ಗೆ ಅವರು ಬರೆದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. ಒಂದು ದೇಶವನ್ನೇ ನುಂಗಿದ ಕಂಪನಿಯ ಹಣಕಾಸನ್ನು ಶಾಲೆಯಲ್ಲಿ ಹೊರಗೆ ಗೋಣಿತಟ್ಟಿನ ಮೇಲೆ ಕೂತು ಓದಿದ ಹುಡುಗ ಬಿಚ್ಚಿ ನೋಡಿದ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ, 1925ರಲ್ಲಿ ಪ್ರಾಂತೀಯ ಹಣಕಾಸಿನ ಮೇಲೆ ಪುಸ್ತಕ. ಮುಂಬೈಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆಮೇಲೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ. ಲೆಕ್ಕ ಕಲಿಯುವವರ ಮುಂದೆ ನಿಂತು ಪಾಠ ಹೇಳಿದವರು ಅವರು. ಅವರ ಹೆಸರಲ್ಲಿ ಲೆಕ್ಕವನ್ನು ಸೇಟುಗಳಿಗೆ ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಕಂಪನಿ ಲೆಕ್ಕ ಅಂದರೆ ಏನು? ಬೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಬೆದರಿಸುವುದು ಅದರ ಸುತ್ತ ಕಟ್ಟಿದ ಇಂಗ್ಲಿಷಿನ ಬೇಲಿ. ಬೇಲಿ ತೆಗೆದು ನೋಡೋಣ.

ಪೀಣ್ಯದಲ್ಲಿ ಒಬ್ಬ ಒಂದು ಸಣ್ಣ ಕಂಪನಿ ತೆರೆದ ಅಂತ ಇಟ್ಟುಕೊಳ್ಳಿ. ಕೈಯಿಂದ 2 ಲಕ್ಷ ಹಾಕಿದ, ಬ್ಯಾಂಕಿನಲ್ಲಿ 3 ಲಕ್ಷ ಸಾಲ ಎತ್ತಿದ. 4 ಲಕ್ಷಕ್ಕೆ ಲೇತ್ ಕೊಂಡ, 1 ಲಕ್ಷ ನಗದು ಇಟ್ಟುಕೊಂಡ. ಒಂದು ಕಡೆ ಆಸ್ತಿ: ಲೇತ್ 4, ನಗದು 1, ಒಟ್ಟು 5 ಲಕ್ಷ. ಇನ್ನೊಂದು ಕಡೆ ಅದು ಯಾರಿಂದ ಬಂತು ಎಂಬ ಲೆಕ್ಕ: ಬ್ಯಾಂಕಿನ ಸಾಲ 3, ಮಾಲೀಕನ ಬಂಡವಾಳ 2, ಒಟ್ಟು 5 ಲಕ್ಷ. ಇದೇ ಅಢಾವೆ ಪತ್ರಿಕೆ, ಅವರ ಮಾತಲ್ಲಿ ಬ್ಯಾಲೆನ್ಸ್ ಶೀಟು. ಎಡಕ್ಕೂ ಬಲಕ್ಕೂ ಸಮ ಇರಲೇಬೇಕು. ಯಾಕೆಂದರೆ ಇದು ಒಂದೇ ಹಣವನ್ನು ಎರಡು ಪ್ರಶ್ನೆ ಕೇಳಿದ್ದು: ಎಲ್ಲಿದೆ? ಯಾರದು? ಈ ಎರಡು ಪ್ರಶ್ನೆಯೇ ಜೋಡಿ ನಮೂದು ಪದ್ಧತಿಯ ಬೇರು. 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚಿಯೋಲಿ ಎಂಬ ಸನ್ಯಾಸಿ ಇದನ್ನು ಅಚ್ಚು ಹಾಕಿಸಿದ. ಇವತ್ತು ನಮ್ಮ ಕಂಪನಿ ಕಾನೂನು ಇದೇ ಪದ್ಧತಿಯಲ್ಲಿ ಲೆಕ್ಕ ಇಡಬೇಕೆಂದು ಕಟ್ಟು ಮಾಡಿದೆ.

ಈಗ ಒಂದು ತಿಂಗಳು ಲೇತ್ ಓಡಿತು. 50,000 ರೂಪಾಯಿಯ ಕೆಲಸ ಮಾಡಿ ಬಿಲ್ ಕೊಟ್ಟ, ಹಣ ಇನ್ನೂ ಬಂದಿಲ್ಲ. ಕೂಲಿ 20,000, ಕರೆಂಟು 5,000 ನಗದು ಕೊಟ್ಟ. ಲೇತ್ ಸವೆದದ್ದಕ್ಕೆ ತಿಂಗಳಿಗೆ 2,000 ಸವಕಳಿ ಹಾಕಿದ. ಬಡ್ಡಿ ಸದ್ಯಕ್ಕೆ ಬಿಡಿ. ಲಾಭ 23,000. ಆದರೆ ಕೈಯಲ್ಲಿದ್ದ ನಗದು 1 ಲಕ್ಷದಿಂದ 75,000ಕ್ಕೆ ಇಳಿಯಿತು. ಪುಸ್ತಕದಲ್ಲಿ ಲಾಭ, ಪೆಟ್ಟಿಗೆಯಲ್ಲಿ ಕೊರತೆ. ತಾಳೆ ನೋಡಿ: ಲೇತ್ 3,98,000, ನಗದು 75,000, ಬರಬೇಕಾದ ಬಿಲ್ 50,000, ಒಟ್ಟು 5,23,000. ಆಚೆ ಕಡೆ ಸಾಲ 3,00,000, ಬಂಡವಾಳ 2,00,000, ಲಾಭ 23,000, ಒಟ್ಟು ಅದೇ 5,23,000. ಇಷ್ಟು ಅರ್ಥವಾದವರಿಗೆ ಮೂರು ಪಟ್ಟಿಗಳೂ ಅರ್ಥವಾದ ಹಾಗೆ. ಮಾರ್ಚ್ 31ರ ಒಂದು ದಿನ ನಿಲ್ಲಿಸಿ ತೆಗೆದ ಪಟ ಅಢಾವೆ ಪತ್ರಿಕೆ. ವರ್ಷದ ದುಡಿಮೆಯ ಕಥೆ ಲಾಭ ನಷ್ಟದ ಖಾತೆ. ನಿಜವಾಗಿ ಹಣ ಯಾವ ಬಾಗಿಲಿಂದ ಬಂತು, ಯಾವ ಬಾಗಿಲಿಂದ ಹೋಯಿತು ಎಂದು ಹೇಳುವುದು ನಗದು ಹರಿವಿನ ಪಟ್ಟಿ. ಲಾಭ ಇದೆ ಅನ್ನುವ ಮಾಲೀಕನಿಗೆ ನಗದು ಎಲ್ಲಿ ಅಂತ ಕೇಳಿ. ನಷ್ಟ ಆಗಿದೆ ಅನ್ನುವವನಿಗೂ ಅದನ್ನೇ ಕೇಳಿ.

ಇನ್ನು ಆ 20,000 ಕೂಲಿಯನ್ನು ಅವನು ಕೊಡಲೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಅದು ಖರ್ಚೇ. ಕೊಡದೆ ಉಳಿದದ್ದು ಹೊಣೆಯ ಬದಿಯಲ್ಲಿ, ಬ್ಯಾಂಕಿನ ಸಾಲದ ಪಕ್ಕದಲ್ಲಿ ನಿಲ್ಲಬೇಕು. ಗೆಳೆಯರೇ, ಈ ಒಂದು ಸಾಲನ್ನು ಎರಡು ಸಲ ಓದಿ. ತಿಂಗಳಿಡೀ ಗೇಯ್ದು ತಿಂಗಳು ಮುಗಿದ ಮೇಲೆ ಸಂಬಳ ಪಡೆಯುವ ಪ್ರತಿಯೊಬ್ಬ ಕೆಲಸಗಾರನೂ ಆ ಮೂವತ್ತು ದಿನ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವನು. ನಮ್ಮ ಅಜ್ಜನನ್ನು ಸಾಲಗಾರ ಅಂದ ಅದೇ ಶಾಸ್ತ್ರ ಸರಿಯಾಗಿ ಬರೆದಾಗ ಮಾಲೀಕನನ್ನೇ ಸಾಲಗಾರ ಅನ್ನುತ್ತದೆ. ಅದಕ್ಕೇ ಆ ಪುಸ್ತಕವನ್ನು ನಮ್ಮ ಕೈಗೆ ಕೊಡಲಿಲ್ಲ.

ಈಗ ನಮ್ಮ ಬೀದಿಯ ಲೆಕ್ಕಕ್ಕೆ ಬರೋಣ. ಯಶವಂತಪುರದ ಪಕ್ಕ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಇತ್ತು. 1953ರಲ್ಲಿ ಹುಟ್ಟಿದ ಕಂಪನಿ, 1961ರಿಂದ ಜಪಾನಿನ ಸಿಟಿಜನ್ ನೆರವಿನೊಂದಿಗೆ ಕೈಗಡಿಯಾರ. ನಮ್ಮ ಅಪ್ಪಂದಿರ ಮದುವೆಗೆ ಜನತಾ ವಾಚು ಕಟ್ಟಿಸಿಕೊಂಡರೆ ಊರೆಲ್ಲ ಬಂದು ಮಣಿಕಟ್ಟು ಹಿಡಿದು ನೋಡುತ್ತಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿತು. ಉಳಿದ ನೌಕರರಿಗೆ 2007ರ ಕಾಲ್ಪನಿಕ ವೇತನ ಶ್ರೇಣಿಯ ಮೇಲೆ ಸ್ವಯಂ ನಿವೃತ್ತಿ. ಕಾರಣ? ಸಂಚಿತ ನಷ್ಟ. ಲೆಕ್ಕದ ಪುಸ್ತಕ ತೋರಿಸಿ ಬಾಗಿಲು ಹಾಕಿದರು. ಆದರೆ ಅದೇ ಪುಸ್ತಕದ ಆಸ್ತಿಯ ಬದಿಯಲ್ಲಿ ನೆಲ ಎಂಬ ಒಂದು ಸಾಲು ಇರುತ್ತದೆ. ಕಂಪನಿಗಳು ಸಾಮಾನ್ಯವಾಗಿ ನೆಲವನ್ನು ಕೊಂಡ ದಿನದ ಬೆಲೆಗೇ ಪುಸ್ತಕದಲ್ಲಿ ಇಡುತ್ತವೆ. ಪುನರ್ ಮೌಲ್ಯಮಾಪನಕ್ಕೆ ಲೆಕ್ಕಶಾಸ್ತ್ರದಲ್ಲಿ ಅವಕಾಶ ಇದೆ. ಮಾಡುವುದು ಬಿಡುವುದು ಆಡಳಿತದವರ ಇಷ್ಟ. ಅರ್ಧ ಶತಮಾನದ ಹಿಂದೆ ಕವಡೆ ಬೆಲೆಗೆ ಬಂದ ನೆಲ ಪುಸ್ತಕದಲ್ಲಿ ಕವಡೆಯಾಗೇ ಉಳಿಯುತ್ತದೆ; ಕೂಲಿ ಮಾತ್ರ ವರ್ಷ ವರ್ಷ ಇವತ್ತಿನ ರೂಪಾಯಿಯಲ್ಲಿ ಖರ್ಚಿಗೆ ಬೀಳುತ್ತದೆ. ಹೀಗೆ ನೋಡಿದವರಿಗೆ ಕಂಪನಿಯ ಭಾರವೆಲ್ಲ ಕೆಲಸಗಾರನಾಗಿಯೇ ಕಾಣುತ್ತಾನೆ. 2024ರಲ್ಲಿ ಪೀಣ್ಯ-ಜಾಲಹಳ್ಳಿಯ 599 ಎಕರೆ ತನ್ನ ಅರಣ್ಯ ಎಂದು ಅರಣ್ಯ ಇಲಾಖೆ ಪಟ್ಟು ಹಿಡಿದಾಗ ಆ ನೆಲದ ನಿಜವಾದ ಬೆಲೆ ಪೇಪರಿನಲ್ಲಿ ಬಂತು. ಗೇಟು ಮುಚ್ಚಿದ ದಿನ ಆ ಪ್ರಶ್ನೆ ಗೇಟಿನ ಮುಂದೆ ಬರಬೇಕಿತ್ತು.

ನಷ್ಟ ಅಂದರೆ ಸಾವು ಅಂತ ನಂಬಿಸುವವರಿಗೆ ಅದೇ ರಸ್ತೆಯಲ್ಲಿ ಉತ್ತರ ಇದೆ. ಮೆಟ್ರೋ ನಿಲ್ದಾಣಕ್ಕೇ ಹೆಸರು ಕೊಟ್ಟ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. 1916ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯಾಗಿ ಶುರುವಾಗಿ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. 1992ರಲ್ಲಿ ನಷ್ಟದಿಂದ ರೋಗಗ್ರಸ್ತ ಕಂಪನಿಗಳ ಮಂಡಳಿಯ ಮೆಟ್ಟಿಲು ಹತ್ತಿತು. 2003ರ ಹೊತ್ತಿಗೆ ನಷ್ಟ ತೀರಿಸಿ ಇಳಿದು ಬಂತು. 2023-24ರಲ್ಲಿ ಲಾಭ 362.07 ಕೋಟಿ; ಅದರ ನೂರಕ್ಕೆ 30ರಂತೆ 108.62 ಕೋಟಿ ಲಾಭಾಂಶವನ್ನು ಸರ್ಕಾರಕ್ಕೆ ಕೊಟ್ಟಿತು. ಒಂದು ಕಾಲಕ್ಕೆ ಎರಡೂ ಕಂಪನಿಗಳ ಪುಸ್ತಕದಲ್ಲಿ ನಷ್ಟವೇ ಇತ್ತು. ಒಂದಕ್ಕೆ ಔಷಧಿ ಕೊಟ್ಟರು, ಇನ್ನೊಂದಕ್ಕೆ ಚಟ್ಟ ಕಟ್ಟಿದರು. ಪುಸ್ತಕ ತಾನೇ ತೀರ್ಪು ಕೊಡುವುದಿಲ್ಲ. ಪುಸ್ತಕ ಹಿಡಿದವರು ಕೊಡುತ್ತಾರೆ. 2025ರಲ್ಲಿ ಅದೇ ಸೋಪಿನ ಕಂಪನಿ ಒಬ್ಬ ನಟಿಗೆ 6.20 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ ಕನ್ನಡದವಳು ಯಾಕಲ್ಲ ಎಂದು ನಾಡೆಲ್ಲ ಗದ್ದಲ. ಆ ಫ್ಯಾಕ್ಟರಿಯ ಲೆಕ್ಕದಲ್ಲಿ ಜಾಹೀರಾತಿಗೆ ಎಷ್ಟು, ಖಾಯಂ ನೌಕರರಿಗೆ ಎಷ್ಟು, ಗುತ್ತಿಗೆಯವರಿಗೆ ಎಷ್ಟು, ಅದು ಯಾವ ಸಾಲಿನಲ್ಲಿ ಅಂತ ಕೇಳುವ ಗದ್ದಲ ನಮಗೆ ಎಲ್ಲೂ ಕೇಳಿಸಲಿಲ್ಲ.

ಗುತ್ತಿಗೆಯ ಮಾತು ಬಂತು. ಲಾಭ ನಷ್ಟದ ಖಾತೆಯಲ್ಲಿ ನೌಕರರ ವೇತನ ಮತ್ತು ಸೌಲಭ್ಯ ಅಂತ ಒಂದು ಸಾಲು ಇರುತ್ತದೆ. ಹೆಬ್ಬಾಳದಾಚೆಯ ಟೆಕ್ ಪಾರ್ಕುಗಳಲ್ಲಿ ಬೆಳಿಗ್ಗೆ ಆರಕ್ಕೆ ನೆಲ ಒರೆಸುವ ನಮ್ಮ ಅಕ್ಕಂದಿರನ್ನು ಆ ಸಾಲಿನಲ್ಲಿ ಹುಡುಕಬೇಡಿ. ಬಹಳಷ್ಟು ಕಂಪನಿಗಳಲ್ಲಿ ಅವರು ಇತರೆ ವೆಚ್ಚ ಎಂಬ ಸಾಲಿನೊಳಗೆ, ಹೌಸ್‌ಕೀಪಿಂಗ್ ಎಂಬ ಹೆಸರಿನಲ್ಲಿ, ಕರೆಂಟು ಬಿಲ್ಲಿನ ಜೊತೆಗೆ ಕೂತಿರುತ್ತಾರೆ. ಊರ ಹೊರಗೆ ಕೇರಿ ಇದ್ದ ಹಾಗೆ ವೇತನದ ಸಾಲಿನ ಹೊರಗೆ ಇತರೆ ವೆಚ್ಚ. ಯಂತ್ರಕ್ಕೆ ಆಯುಷ್ಯ ಇದೆ: 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸಾಮಾನ್ಯ ಯಂತ್ರಕ್ಕೆ 15 ವರ್ಷ, ಕಂಪ್ಯೂಟರಿಗೆ 3 ವರ್ಷ, ಫ್ಯಾಕ್ಟರಿ ಕಟ್ಟಡಕ್ಕೆ 30 ವರ್ಷ ಅನ್ನುತ್ತದೆ. ಅದು ಸವೆದದ್ದನ್ನು ವರ್ಷ ವರ್ಷ ಲಾಭದಿಂದ ಕಳೆಯುತ್ತಾರೆ. ಯಾರ್ಡಿನ ಹಮಾಲಿಯ ಬೆನ್ನು ಎಷ್ಟು ವರ್ಷಕ್ಕೆ ಸವೆಯುತ್ತದೆ ಎಂದು ಯಾವ ಅನುಸೂಚಿಯಲ್ಲೂ ಇಲ್ಲ. ಅವನ ಸವಕಳಿ ಅವನ ಹೆಂಡತಿ ಮಕ್ಕಳ ಖಾತೆಗೆ. ಇನ್ನು ನೆಲಕ್ಕೆ ಸವಕಳಿಯೇ ಇಲ್ಲ ಅನ್ನುತ್ತದೆ ಲೆಕ್ಕಶಾಸ್ತ್ರ; ಅದು ತೀರದ ಆಸ್ತಿ. ತೀರದ ಆಸ್ತಿಯನ್ನು ರೈತನಿಂದ ಒಂದೇ ಸಲ ಪರಿಹಾರ ಕೊಟ್ಟು ತೀರಿಸಿಬಿಡುತ್ತಾರೆ. ಮಾನ್ಯತಾ ಟೆಕ್ ಪಾರ್ಕು ಇವತ್ತು ಎಂಬಸಿ ಆಫೀಸ್ ಪಾರ್ಕ್ಸ್ ಎಂಬ ಟ್ರಸ್ಟಿನ ಆಸ್ತಿ. 2019ರ ಏಪ್ರಿಲ್‌ನಲ್ಲಿ ಷೇರು ಪೇಟೆಗೆ ಬಂದ, ದೇಶದ ಮೊದಲ ರೀಟ್. ಅಂಥ ಟ್ರಸ್ಟಿನ ಆಸ್ತಿಗೆ ಪ್ರತಿ ವರ್ಷ ಹೊಸದಾಗಿ ಬೆಲೆ ಕಟ್ಟಲೇಬೇಕೆಂದು ನಿಯಮ ಇದೆ. ನೆಲ ಕೊಟ್ಟವರಿಗೆ ಬೆಲೆ ಕಟ್ಟಿದ್ದು ಒಂದೇ ಸಲ. ಇದನ್ನು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ 13 ಹಳ್ಳಿಗಳ ರೈತರು ಯಾವ ಕಾಮರ್ಸ್ ಕಾಲೇಜಿಗೂ ಹೋಗದೆ ಅರ್ಥ ಮಾಡಿಕೊಂಡರು. 1,777 ಎಕರೆ ಕೊಡೋದಿಲ್ಲ ಅಂತ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅವರಿಗೆ ಗೊತ್ತಿದ್ದದ್ದನ್ನು ಓದಿದವರಾದ ನಾವು ಕಾಗದದ ಮೇಲೆ ಸಾಬೀತು ಮಾಡುವಂತಾಗಬೇಕು.

"ಲೆಕ್ಕವೇ ಸುಳ್ಳು, ಕಲಿತು ಏನು ಮಾಡ್ತೀರಿ?" ಅಂತ ಇನ್ನೊಂದು ಪ್ರಶ್ನೆ. ಸುಳ್ಳು ಇದೆ. ಹೈದರಾಬಾದಿನ ಸತ್ಯಂ ಕಂಪನಿಯ ರಾಮಲಿಂಗ ರಾಜು 2009ರ ಜನವರಿ 7ರಂದು ತಾನೇ ಪತ್ರ ಬರೆದು, ಪುಸ್ತಕದಲ್ಲಿದ್ದ 5,040 ಕೋಟಿ ನಗದು ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡ. ಅದರ ಲೆಕ್ಕಕ್ಕೆ ಸಹಿ ಹಾಕಿದ್ದು ದೊಡ್ಡ ಹೆಸರಿನ ಆಡಿಟರುಗಳು. ದೂರ ಯಾಕೆ? ನಮ್ಮದೇ ಹೆಸರಿನಲ್ಲಿರುವ ನಿಗಮ ನೋಡಿ. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ವಿಭಾಗದ ನೌಕರನೊಬ್ಬ ಪತ್ರ ಬರೆದಿಟ್ಟು ಪ್ರಾಣ ಬಿಟ್ಟ ಮೇಲೆ, ನಿಗಮದ ಹಣ ಯಾರ್ಯಾರದೋ ಖಾತೆಗೆ ಹೋಗಿದೆ ಅಂತ ನಾಡಿಗೆ ತಿಳಿಯಿತು. 89.63 ಕೋಟಿ ಹೋಗಿದೆ ಎಂದು ಸರ್ಕಾರವೇ ಸದನದಲ್ಲಿ ಹೇಳಿತು. ಎರಡು ಕಡೆಯೂ ಕೇಳಬೇಕಿದ್ದ ಪ್ರಶ್ನೆ ಒಂದೇ, ಪಿ.ಯು.ಸಿ. ಪುಸ್ತಕದಲ್ಲೇ ಇರುವಂಥದ್ದು: ನಮ್ಮ ಪುಸ್ತಕದ ಬ್ಯಾಂಕ್ ಬಾಕಿಯೂ ಬ್ಯಾಂಕು ಕೊಡುವ ಪಟ್ಟಿಯ ಬಾಕಿಯೂ ತಾಳೆಯಾಗುತ್ತದೆಯೇ? ಸುಳ್ಳು ಇರುವುದರಿಂದಲೇ ಕಲಿಯಬೇಕು. ಶಾಸ್ತ್ರ ಸುಳ್ಳು ಅಂತ ಹೇಳಬೇಕಾದರೂ ಬಾಬಾಸಾಹೇಬರು ಮೊದಲು ಶಾಸ್ತ್ರ ಓದಿದರು.

ನಮ್ಮ ಗೆಳತಿಯೊಬ್ಬಳು ಯಲಹಂಕದಲ್ಲಿ ಮೂರು ತಿಂಗಳ ಟ್ಯಾಲಿ ಕೋರ್ಸ್ ಮಾಡಿ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದಳು. ಅಲ್ಲಿ ಕೂಲಿಯ ರಿಜಿಸ್ಟರಿನಲ್ಲಿ ಒಂದು ಮೊತ್ತ, ಕೈಗೆ ಕೊಡುವುದು ಇನ್ನೊಂದು ಮೊತ್ತ. ಸಹಿ ಮಾತ್ರ ದೊಡ್ಡ ಮೊತ್ತಕ್ಕೆ. ಅವಳು ಕೇಳಿದ್ದು ಇಷ್ಟೇ: "ಸಾರ್, ಉಳಿದ ದುಡ್ಡು ಯಾವ ಖಾತೆಗೆ ಹಾಕ್ಲಿ?" "ಅದೆಲ್ಲ ನಿಂಗ್ಯಾಕಮ್ಮ, ಹೇಳಿದ್ದು ಎಂಟ್ರಿ ಮಾಡು" ಅಂದರು. ಆ ತಿಂಗಳ ಕೊನೆಗೆ ಅವಳ ಕೆಲಸ ಹೋಯಿತು. ಟ್ಯಾಲಿ ಹೇಳಿಕೊಡುವವರು ಅವಳಿಗೆ ಕೀಲಿ ಒತ್ತುವುದನ್ನು ಮಾತ್ರ ಕಲಿಸಿದ್ದರು. ಪ್ರಶ್ನೆಯನ್ನು ಅವಳೇ ಕಲಿತಳು. ಅರ್ಥ ತಿಳಿಯದೆ ಎಂಟ್ರಿ ಮಾಡುವುದು ಕಂಪ್ಯೂಟರಿನ ಮುಂದೆ ಕೂತು ಕಡತ ಹೊತ್ತ ಹಾಗೆ. ಅವಳ ಪ್ರಶ್ನೆಯಲ್ಲಿ ಜೋಡಿ ನಮೂದಿನ ಸತ್ವವೆಲ್ಲ ಇದೆ: ಒಂದು ರೂಪಾಯಿ ಎಲ್ಲಿಂದಾದರೂ ಹೊರಟರೆ ಎಲ್ಲಾದರೂ ಇಳಿಯಲೇಬೇಕು. ಇಳಿದ ಜಾಗ ತೋರಿಸದವನು ಕಳ್ಳ. ಈಗ ಕಾನೂನೂ ಅವಳ ಕಡೆಗೆ ಒಂದು ಹೆಜ್ಜೆ ಬಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ತಿದ್ದಿದ ಪ್ರತಿ ಗುರುತೂ ದಿನಾಂಕದೊಂದಿಗೆ ಉಳಿಯಬೇಕು, ಅದನ್ನು ಆರಿಸಿಡುವಂತಿಲ್ಲ. ಬಳಪದ ಕಡತ ಒರೆಸಿದ ಕೈಗೆ ಅರವತ್ತು ವರ್ಷದ ಮೇಲೆ ಒಂದು ಕೋಳ ಬಿದ್ದಿದೆ. ಆ ಗುರುತನ್ನು ಓದುವವರು ಬೇಕು. ಹಾಗೆಯೇ ಯಾರ್ಡಿನ ಬಿಳಿ ಚೀಟಿ. ರೈತನ ಮಾಲಿಗೆ ಬಿಳಿ ಚೀಟಿ ಹರಿದು ಕೊಟ್ಟರೆ ಆ ವಹಿವಾಟು ಪುಸ್ತಕದ ಹೊರಗೆ ನಡೆಯಿತು ಎಂದೇ ಅರ್ಥ. ಅಧಿಕೃತ ರಸೀದಿ ಕೇಳುವುದೂ ಲೆಕ್ಕಶಾಸ್ತ್ರವೇ.

ಕೆಲಸಗಾರರ ಸಂಘದವರು ಇದನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಸಂಬಳದಿಂದ ಹಿಡಿದ ನೂರಕ್ಕೆ 12ರ ಪಿ.ಎಫ್. ಒಂದು ದಿನಕ್ಕೂ ಕಂಪನಿಯ ಹಣ ಅಲ್ಲ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹೊಣೆ. ಕಟ್ಟದಿದ್ದರೆ ಆಡಿಟರು ತನ್ನ ವರದಿಯಲ್ಲಿ ಬರೆಯಬೇಕು. ಹಾಗಾಗಿ ಆಡಿಟರ ವರದಿಯ ಅನುಬಂಧವನ್ನು ಓದಿ. ಕಾರ್ಮಿಕರು ಹೂಡಿದ ಮೊಕದ್ದಮೆಗಳು, ವಿವಾದದಲ್ಲಿರುವ ಬಾಕಿಗಳು ಮುಖಪುಟದಲ್ಲಿ ಇರುವುದಿಲ್ಲ. ಹಿಂದಿನ ಟಿಪ್ಪಣಿಗಳಲ್ಲಿ ಸಂಭಾವ್ಯ ಹೊಣೆ ಎಂಬ ಹೆಸರಲ್ಲಿ ಅಡಗಿರುತ್ತವೆ. ಮಾಲೀಕನ ಬಾಮೈದನ ಕಂಪನಿಗೆ ಹೋದ ಬಾಡಿಗೆ ಸಂಬಂಧಿತ ಪಕ್ಷಗಳ ವಹಿವಾಟು ಎಂಬ ಟಿಪ್ಪಣಿಯಲ್ಲಿ ಇರುತ್ತದೆ. ಷೇರು ಪೇಟೆಯಲ್ಲಿರುವ ಕಂಪನಿ ತನ್ನ ಪ್ರತಿ ನಿರ್ದೇಶಕನ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂದು ಪ್ರತಿ ವರ್ಷ ಹೇಳಲೇಬೇಕು. ಕಾಯ್ದೆಯ 197ನೇ ಕಲಮು ನೋಡಿ. ಬೋನಸ್ ಕನಿಷ್ಠ ನೂರಕ್ಕೆ 8.33, ಗರಿಷ್ಠ 20. ನಡುವಿನದು ಲಾಭದ ಲೆಕ್ಕದ ಮೇಲೆ ನಿಂತಿದೆ; ಸವಕಳಿ ಹೆಚ್ಚು ತೋರಿಸಿದರೆ ಬೋನಸ್ ಕಡಿಮೆ. 1965ರ ಬೋನಸ್ ಕಾಯ್ದೆಯ 23ನೇ ಕಲಮು ಆಡಿಟ್ ಆದ ಲೆಕ್ಕ ಸರಿಯೆಂದು ನಂಬಬಹುದು ಎಂದಿತು. ಜೊತೆಗೇ, ಯಾವುದೇ ಸಾಲಿನ ಬಗ್ಗೆ ವಿವರಣೆ ಕೊಡಿಸಿ ಎಂದು ಸಂಘ ಅರ್ಜಿ ಹಾಕಬಹುದು ಎಂದೂ ಹೇಳಿತು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿದೆ. ಯಾವ ಸಾಲಿನ ಬಗ್ಗೆ ಕೇಳಬೇಕು ಅಂತ ಗೊತ್ತಿಲ್ಲದ ಸಂಘಕ್ಕೆ ಕೇಳುವ ಹಕ್ಕು ಇದ್ದೂ ಇಲ್ಲದ ಹಾಗೆ.

ಇನ್ನು ನಮ್ಮ ಕಾಲೇಜುಗಳು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಾಡಿಗೆ ಬೆಂಕಿ ಹತ್ತಿತು. ಇವತ್ತು ಬಿ.ಕಾಂ. ಹುಡುಗರ ಮುಂದೆ ಇಡುವ ಗೈಡುಗಳನ್ನು ನೋಡಿದರೆ ಆ ಮಾತು ಅಲ್ಲಿಗೂ ಹೋಗುತ್ತದೆ. ಎಕ್ಸ್ ಕಂಪನಿ, ವೈ ಕಂಪನಿ, ಎ ಮತ್ತು ಬಿ ಪಾಲುದಾರರು. ಐದು ವರ್ಷ ಓದಿದ ಹುಡುಗನಿಗೆ ಪಕ್ಕದ ರಸ್ತೆಯ ಬಿ.ಇ.ಎಲ್.ನ ವಾರ್ಷಿಕ ವರದಿ ಒಂದು ಸಲವೂ ತೋರಿಸುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಡೆಬಿಟ್ ಕ್ರೆಡಿಟ್ ಅಂತ ಮಂತ್ರ ಉರುಹೊಡೆಯುತ್ತಾಳೆ. ಅವಳ ಅಜ್ಜಿ ಸಂತೆಯಲ್ಲಿ ಸೊಪ್ಪು ಮಾರಿ ಜಮಾ ಖರ್ಚು ಬಾಯಲ್ಲೇ ಇಟ್ಟವಳು ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ಜಮಾ, ಖರ್ಚು, ಖಾತೆ, ಬಾಕಿ, ತಾಳೆ, ಸವಕಳಿ, ಮುಂಗಡ: ಈ ಶಾಸ್ತ್ರದ ಅರ್ಧ ಮಾತು ನಮ್ಮ ಸಂತೆಯಲ್ಲೇ ಇದೆ. ಉಳಿದರ್ಧ ಇಂಗ್ಲಿಷಿನಲ್ಲಿ ಇರಲಿ, ಕಲಿಯೋಣ. ಎರಡೂ ಬೇಕು.

ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇವೆ. ಹಾಸ್ಟೆಲುಗಳಲ್ಲಿರುವ ವಿದ್ಯಾರ್ಥಿ ಗೆಳೆಯರೇ, ವಾರಕ್ಕೊಂದು ರಾತ್ರಿ ಕೂಡಿ. ಆರ್.ಟಿ. ನಗರದ ಒಂದು ರೂಮಿನಲ್ಲಿ ನಾವು ಆರು ಜನ ಹಾಗೆ ಕೂತಿದ್ದೇವೆ. ಮೊದಲ ವಾರ ನಾಲ್ಕು ಪುಟ ದಾಟಲಿಲ್ಲ. ಎಂಟನೇ ವಾರಕ್ಕೆ ಟಿಪ್ಪಣಿಗಳ ಮೇಲೆ ಜಗಳ ಆಡುತ್ತಿದ್ದೆವು. ಪೇಟೆಯಲ್ಲಿರುವ ಕಂಪನಿಗಳ ವರದಿ ಪುಕ್ಕಟೆ ಸಿಗುತ್ತದೆ. ಉಳಿದ ಕಂಪನಿಗಳು ಸರ್ಕಾರಕ್ಕೆ ಒಪ್ಪಿಸಿದ ಲೆಕ್ಕವನ್ನು ಕಂಪನಿ ವ್ಯವಹಾರಗಳ ಇಲಾಖೆಯ ತಾಣದಲ್ಲಿ 100 ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ಒಂದು ಸಿನಿಮಾ ಟಿಕೆಟ್ಟಿನ ದುಡ್ಡು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಗೆ ಬೆಂಚು ಕೊಟ್ಟು ಹಾರ ಹಾಕಿಸಿಕೊಂಡು ಪಟ ತೆಗೆಸಿಕೊಳ್ಳುವ ಕಂಪನಿ ದಾನ ಮಾಡುತ್ತಿಲ್ಲ. ಇಂತಿಷ್ಟು ದೊಡ್ಡ ಕಂಪನಿ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ನ್ನು ಇಂಥ ಕೆಲಸಕ್ಕೆ ಹಾಕಬೇಕೆಂದು 135ನೇ ಕಲಮು 2014ರಿಂದ ಹೇಳುತ್ತಿದೆ. ಹಾರ ಹಾಕುವ ಮೊದಲು ಅವರ ಲಾಭ ಎಷ್ಟು, 2ರಷ್ಟು ಎಷ್ಟು, ಬೆಂಚಿಗೆ ಎಷ್ಟು ಅಂತ ಏಳನೇ ಕ್ಲಾಸಿನ ಮಕ್ಕಳಿಂದಲೇ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿ. ಸಂಘಗಳವರೇ, ಪ್ರತಿ ಸಂಘಕ್ಕೆ ಲೆಕ್ಕ ಓದುವ ಒಬ್ಬಳನ್ನಾದರೂ ತಯಾರು ಮಾಡಿ. ಸಂಘಟನೆಗಳವರೇ, ನಿಮ್ಮ ಚಂದಾ ಪುಸ್ತಕ, ರಸೀದಿ, ಖರ್ಚಿನ ಪಟ್ಟಿಯನ್ನು ಸಭೆಯ ಮುಂದೆ ಓದಿ, ಗೋಡೆಗೆ ಅಂಟಿಸಿ. ಕಂಪನಿಗೆ ಲೆಕ್ಕ ಕೇಳುವ ಬಾಯಿ ತನ್ನ ಲೆಕ್ಕ ಒಪ್ಪಿಸಿದ ಬಾಯಾಗಿರಬೇಕು.

ನಮ್ಮಲ್ಲಿ ಒಬ್ಬನ ತಾಯಿ ಕೇಳಿದಳು: "ಲೆಕ್ಕ ಓದಿ ಏನಪ್ಪಾ ಮಾಡ್ತೀಯ, ನಮ್ಗೆ ಯಾವ ಆಸ್ತಿ ಐತೆ?" ಅವ್ವಾ, ನಮಗೆ ಬರಬೇಕಾದ ಬಾಕಿ ಇದೆ. ಮೂವತ್ತು ದಿನದ್ದಿದೆ, ಮೂರು ತಲೆಮಾರಿನದ್ದೂ ಇದೆ. ಅದು ಅವರ ಪುಸ್ತಕದಲ್ಲಿ ಹೊಣೆಯ ಬದಿಗೆ ಬರಬೇಕು. ಬರೆಸುವತನಕ ನಾವು ಓದುತ್ತೇವೆ. ಆಮೇಲೆ ನಾವೇ ಬರೆಯುತ್ತೇವೆ.